ಸೋತರೆ ಒಳ್ಳೇದು ಎನ್ನುತ್ತಿದ್ದವರು

ನಮ್ಮ ಕಟ್ಟಡದ ಬಾಗಿಲಲ್ಲಿರುವ ಅಂಚೆ ಪೆಟ್ಟಿಗೆಗಳ ಸಾಲಿನಲ್ಲಿ ಒಂದರ ಬಾಯಿಗೆ ಈಗ ಹಸಿರು ಟೇಪು ಅಂಟಿಸಿದ್ದಾರೆ. ಮನೆ ಖಾಲಿಯಾಗಿದೆ, ಇದರಲ್ಲಿ ಕಾಗದ ಹಾಕಬೇಡಿ ಎಂದು ಅದರ ಅರ್ಥ. ಕಸ ಹಾಕಲು ಇಳಿದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ. ನಮ್ಮ ಮನೆಯ ನೇರ ಮೇಲಿನ ಮನೆ ಅದು. ಅಲ್ಲಿದ್ದವರನ್ನು ಜಪಾನೀಯರು ಸೆನ್ಸೇ, ಅಂದರೆ ಗುರುಗಳು, ಎನ್ನುತ್ತಿದ್ದರು. ಟೋಕಿಯೋ ಪಕ್ಕದ ಈ ವಾಕೋ ಊರಿನ ಕನ್ನಡದವರೆಲ್ಲ ಸರ್ ಎನ್ನುತ್ತಿದ್ದೆವು. ಈ ಏಪ್ರಿಲ್‌ನಲ್ಲಿ ಅವರ ಮೆಚ್ಚಿನ ಹಾಕಿ ತಂಡ ಮತ್ತೆ ಲೀಗಿನ ಕಟ್ಟಕಡೆಯ ಸ್ಥಾನಕ್ಕೆ ಬಂದು ನಿಂತಿತು. ಆ ಸುದ್ದಿ ಕೇಳಿ ಮನಸಾರೆ ಖುಷಿಪಡಬೇಕಾಗಿದ್ದವರು ಅವರೊಬ್ಬರೇ.

ಅವರ ಪರಿಚಯವಾದದ್ದು ಒಂದು ಗಲಾಟೆಯಿಂದ. ಈ ಮನೆಗೆ ಬಂದ ಹೊಸತು. ಭಾನುವಾರ ಬೆಳಿಗ್ಗೆ ಅವಲಕ್ಕಿ ನೆನೆಹಾಕಿ ಒಗ್ಗರಣೆಗೆ ಇಟ್ಟಿದ್ದೆ. ತಲೆಯ ಮೇಲೆ ಧಡ್ ಧಡ್ ಎಂದು ಯಾರೋ ಕುಣಿದ ಸದ್ದು, ಜೊತೆಗೊಂದು ಕೂಗು. ಜಪಾನಿನಲ್ಲಿ ಮೇಲಿನ ಮನೆಯವರು ಚಪ್ಪಲಿ ಎಳೆದ ಸದ್ದೂ ಕೇಳಿಸುವುದಿಲ್ಲ. ಯಾರಿಗಾದರೂ ಏನಾದರೂ ಆಯಿತೋ ಎಂದು ಒಲೆ ಆರಿಸಿ ಮೇಲೆ ಹೋಗಿ ಬೆಲ್ ಒತ್ತಿದೆ. "ಸುಮಿಮಾಸೆನ್" ಎಂದು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ತೆರೆಯಿತು. ಎತ್ತರದ ಮುದುಕರೊಬ್ಬರು, ಸ್ವೆಟರಿನ ಮೇಲೆ ಮಾಸಿದ ಆಟದ ಜೆರ್ಸಿ, ಕೈಯಲ್ಲಿ ಮರದ ಹಾಕಿ ಕೋಲು.

"ಕನ್ನಡದವ್ರಲ್ವೇನಮ್ಮಾ?" ಎಂದರು. ನಾನು ತಬ್ಬಿಬ್ಬಾದೆ. "ಇಂಗಿನ ವಾಸನೆ ಕಿಟಕೀಲಿ ಬರ್ತಾ ಇದೆ. ಯಾರೋ ನಮ್ಮೋರು ಬಂದಿದಾರೆ ಅಂತ ಇವಳಿಗೆ ಹೇಳ್ತಾ ಇದ್ದೆ. ಗಲಾಟೆ ಆಯ್ತು, ಕ್ಷಮಿಸಬೇಕು. ಗೋಲ್ ಆಗೋಯ್ತು. ಆಗಬಾರದಿತ್ತು."

"ಎದುರಿನವರು ಹೊಡೆದ್ರಾ ಸರ್?"

"ಇಲ್ಲಮ್ಮ, ನಾವೇ ಹೊಡ್ದ್ವಿ. ಅದೇ ತೊಂದ್ರೆ."

ಅವರ ಹಿಂದಿನಿಂದ ಚಿಕ್ಕದೊಂದು ಮುಖ ಇಣುಕಿತು. ಅದೇ ಜೆರ್ಸಿ, ಮೊಣಕಾಲಿನವರೆಗೆ ಇಳಿಬಿದ್ದದ್ದು. ಅವರ ಹೆಂಡತಿ, ಜಪಾನೀಯರು. ಸೊಂಟ ಬಾಗಿಸಿ ನಮಸ್ಕರಿಸಿ, ನಾನು ಅಪ್ಪಿತಪ್ಪಿಯೂ ನಿರೀಕ್ಷಿಸದ ಭಾಷೆಯಲ್ಲಿ, "ಕಾಫಿ ಆಯ್ತಾ?" ಎಂದು ಕೇಳಿದರು. ಸರ್ ಅವರನ್ನು ಕರೆಯುತ್ತಿದ್ದದ್ದು ಅಮ್ಮಣ್ಣಿ ಎಂದು. ಹಾಗಾಗಿ, ಜಪಾನೀ ಮರ್ಯಾದೆಯ 'ಸಾನ್' ಸೇರಿ, ನಮಗೆಲ್ಲ ಅವರು ಅಮ್ಮಣ್ಣಿ-ಸಾನ್ ಆದರು.

ಸರ್ ಬೆಂಗಳೂರಿನ ಚಾಮರಾಜಪೇಟೆಯವರು. ಕಾಲೇಜಿನಲ್ಲಿ ಮಣ್ಣಿನ ಮೈದಾನದ ಹಾಕಿ ಆಡಿದವರು. ಓದು ಮುಗಿಸಿ ಕೆನಡಾದ ಒಂದು ಚಳಿಯೂರಿಗೆ ಸಂಶೋಧನೆಗೆಂದು ಹೋದರು. ಅಲ್ಲಿ ಹಾಕಿ ಎಂದರೆ ಐಸ್ ಮೇಲಿನದು. ಒಂದು ಸಂಜೆ ಯಾರೋ ಟಿಕೆಟ್ ಕೊಟ್ಟರೆಂದು ನೋಡಲು ಹೋದಾಗ ಪಕ್ಕದ ಕುರ್ಚಿಯಲ್ಲಿ ಕೈಗವಸು ಮರೆತು ನಡುಗುತ್ತ ಕೂತಿದ್ದವರು ಅಮ್ಮಣ್ಣಿ-ಸಾನ್. ಇವರು ತಮ್ಮ ಒಂದು ಗವಸು ಕೊಟ್ಟರಂತೆ. ಒಂದೇ ಯಾಕೆ ಸರ್, ಎರಡೂ ಕೊಡಬಾರದಿತ್ತಾ ಎಂದರೆ, "ನಂಗೂ ಚಳಿ ಇರ್ಲಿಲ್ವಾ?" ಎನ್ನುತ್ತಿದ್ದರು. ಆ ದಿನ ಊರಿನ ತಂಡ ಹೀನಾಯವಾಗಿ ಸೋತಿತು. ಅರ್ಧಕ್ಕೇ ಜನ ಎದ್ದು ಹೋದರು, ಇವರಿಬ್ಬರೇ ಕೊನೆವರೆಗೆ ಕೂತರು. "ಅವತ್ತು ಗೆದ್ದಿದ್ರೆ ನೂಕುನುಗ್ಗಲಲ್ಲಿ ಇವಳು ಯಾವ ಬಾಗ್ಲಲ್ಲಿ ಹೋದ್ಳೋ ಗೊತ್ತಾಗ್ತಿರ್ಲಿಲ್ಲ. ಒಳ್ಳೇದೇ ಆಯ್ತು."

"ಒಳ್ಳೇದೇ ಆಯ್ತು." ಇದು ಅವರ ಮಾತು. ತಂಡ ಸೋತಾಗಲೆಲ್ಲ, ಕೈಯಲ್ಲಿದ್ದ ಕೋಲನ್ನು ಗೋಡೆಗೆ ಒರಗಿಸಿ, 'ಒಳ್ಳೇದೇ' ಎಂಬಲ್ಲಿ ರಾಗ ಎಳೆದು ಹೇಳುತ್ತಿದ್ದರು. ಅಮ್ಮಣ್ಣಿ-ಸಾನ್ ಹಿಂದೆಯೇ ಅದೇ ರಾಗದಲ್ಲಿ ಹೇಳುತ್ತಿದ್ದರು. ಮದುವೆಯಾದ ಮೇಲೆ ಇಬ್ಬರೂ ವಾಕೋಗೆ ಬಂದರು. ಸರ್ ಇಲ್ಲಿನ ಸಂಶೋಧನಾಲಯದಲ್ಲಿ ನಿವೃತ್ತಿಯವರೆಗೂ ಅಯಸ್ಕಾಂತಗಳ ಮೇಲೆ ಕೆಲಸ ಮಾಡಿದರು. ಅಮ್ಮಣ್ಣಿ-ಸಾನ್ ಸ್ಟೇಷನ್ ಹತ್ತಿರದ ಹಲ್ಲಿನ ಕ್ಲಿನಿಕ್ಕಿನಲ್ಲಿ ಬಂದವರನ್ನು ಸ್ವಾಗತಿಸುವ ಮೇಜಿನಲ್ಲಿದ್ದರು. ಮಕ್ಕಳಿರಲಿಲ್ಲ. ಆ ತಂಡವಿತ್ತು.

ಕೆನಡಾದ ಶನಿವಾರ ಸಂಜೆಯ ಪಂದ್ಯ ಇಲ್ಲಿ ಭಾನುವಾರ ಬೆಳಿಗ್ಗೆ. ನಾನು ಉಪ್ಪಿಟ್ಟೋ ಅವಲಕ್ಕಿಯೋ ಮಾಡಿ ಮೇಲೆ ಒಯ್ಯುವುದು ರೂಢಿಯಾಯಿತು. ಉರಯಾಸುವಿನ ಗೆಳತಿ ಕುಂಡದಲ್ಲಿ ಬೆಳೆಸಿದ ಕರಿಬೇವು ಕಳಿಸಿದ ವಾರ ಸರ್ ಪಂದ್ಯ ಬಿಟ್ಟು ತಟ್ಟೆಯನ್ನೇ ಮೂಸುತ್ತಿದ್ದರು. ನಮ್ಮ ಯಜಮಾನರಿಗೆ ಸೋಮವಾರದಿಂದ ಶುಕ್ರವಾರ ಶಿನಾಗಾವಾದ ಆಫೀಸು, ಶನಿವಾರ ಭಾನುವಾರ ನಿದ್ದೆ. "ನಿನಗೆ ಹಾಕಿ ಬಗ್ಗೆ ಏನೇ ಗೊತ್ತು, ವಾರ ವಾರ ಹೋಗ್ತೀಯಲ್ಲ?" ಎಂದು ಹೊದಿಕೆಯೊಳಗಿನಿಂದ ಕೇಳುತ್ತಿದ್ದರು. ಏನೂ ಗೊತ್ತಿರಲಿಲ್ಲ, ನಿಜ. ಚೆಂಡಿನ ಬದಲು ಅವರು ಹೊಡೆಯುವ ಆ ಕರಿ ಬಿಲ್ಲೆ ಎಲ್ಲಿದೆಯೆಂಬುದೇ ನನಗೆ ಕಾಣುತ್ತಿರಲಿಲ್ಲ.

ಸೋತರೆ ಯಾಕೆ ಒಳ್ಳೆಯದು ಎಂದು ಸರ್ ನನಗೆ ವಿವರಿಸಿದ್ದು ಉಪ್ಪಿಟ್ಟಿನ ಪಾತ್ರೆ ಇಟ್ಟುಕೊಂಡು. ಪ್ರತಿ ವರ್ಷ ಹದಿನೆಂಟರ ವಯಸ್ಸಿನ ಹೊಸ ಆಟಗಾರರು ಲೀಗಿಗೆ ಬರುತ್ತಾರೆ. ಅವರಲ್ಲಿ ಬೇಕಾದವರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳಬೇಕು. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಮೊದಲ ಸರದಿ ಯಾರದು ಎಂಬುದನ್ನು ಲಾಟರಿ ಎತ್ತಿ ತೀರ್ಮಾನಿಸುತ್ತಾರೆ. ಬಡವರಿಗೂ ಒಂದು ದಾರಿ ಇರಲಿ ಎಂದು, ಹೆಚ್ಚು ಸೋತವರಿಗೆ ಲಾಟರಿಯಲ್ಲಿ ಹೆಚ್ಚು ಅವಕಾಶ.

"ಈ ಪಾತ್ರೇಲಿ ಗೋಡಂಬಿ ಇದೆಯಲ್ಲಮ್ಮ, ಕೊನೇ ಸ್ಥಾನದೋರ ಹೆಸ್ರಲ್ಲಿ ಜಾಸ್ತಿ ಗೋಡಂಬಿ. ಅವರ ಮೇಲಿನೋರಿಗೆ ಸ್ವಲ್ಪ ಕಮ್ಮಿ. ಹೀಗೆ. ಆಮೇಲೆ ಸೌಟು ಹಾಕ್ತಾರೆ."

"ಹಾಗಾದ್ರೆ ಕೊನೇಲಿ ಬಂದ್ರೆ ಸಾಕು, ಸಿಕ್ಕೇ ಸಿಗುತ್ತೆ."

"ಎಲ್ಲಿ ಸಿಗುತ್ತೆ? ಸೌಟಿಗೆ ಕಣ್ಣಿದೆಯಾ?" ಎಂದು ಸೌಟು ಹಾಕಿ ತಮ್ಮ ತಟ್ಟೆಗೆ ಬಡಿಸಿಕೊಂಡರು. ಒಂದು ಗೋಡಂಬಿಯೂ ಬರಲಿಲ್ಲ. "ನೋಡಿದ್ರಾ? ನಮ್ಮ ಹಣೇಬರಹ."

ಈ ಭಾನುವಾರಗಳಿಗೆ ಇನ್ನೊಬ್ಬಳಿದ್ದಳು. ಮೇಘನಾ, ಮೈಸೂರಿನ ಕುವೆಂಪುನಗರದ ಹುಡುಗಿ. ಅದೇ ಕೆನಡಾದ ಊರಿನಲ್ಲಿ ಪಿಎಚ್‌ಡಿ ಮಾಡಿ ಸರ್ ಇದ್ದ ಸಂಶೋಧನಾಲಯಕ್ಕೇ ಬಂದವಳು. ಸೋಲುವ ತಂಡದ ಹುಚ್ಚು ಅವಳಿಗೂ ಅಲ್ಲಿಂದಲೇ ಅಂಟಿತ್ತು. ಸರ್ ಅವಳನ್ನು ಕರೆಯುತ್ತಿದ್ದದ್ದು "ಏ ಮೈಸೂರು" ಎಂದೇ. ಇಬ್ಬರೂ ಜಗಳವಾಡುತ್ತಿದ್ದದ್ದು ಮಗಳಿಗೆ ಗಂಡು ಹುಡುಕುವವರ ಹಾಗೆ.

"ಸರ್, ನಮಗೆ ಈ ಸಲ ಡಿಫೆನ್ಸ್ ಹುಡುಗ ಬೇಕು. ಆ ಉದ್ದದವನು. ಸ್ಕೇಟಿಂಗ್ ನೋಡಿದ್ರಾ, ಬೆಣ್ಣೆ ಸರ್, ಬೆಣ್ಣೆ."

"ಉದ್ದ ಇಟ್ಕೊಂಡು ಏನ್ ಮಾಡ್ತೀಯ, ಬಲ್ಬ್ ಬದಲಾಯಿಸ್ತೀಯಾ? ನಮಗೆ ಬೇಕಾಗಿರೋದು ಸೆಂಟರ್. ಪಾಸ್ ಕೊಡೋನೇ ಇಲ್ಲ ನಮ್ಮಲ್ಲಿ."

"ಹೋದ್ ವರ್ಷಾನೂ ಸೆಂಟರ್ ಅಂತಲೇ ಅಂದ್ರಿ. ಏನಾಯ್ತು? ಮಂಡಿ ಮುರ್ಕೊಂಡು ಕೂತಿದಾನೆ."

"ಹುಡುಗ ಚಿಕ್ಕೋನು ಕಣೇ. ಬೆಳೀತಾನೆ. ಅವರಮ್ಮ ನೋಡಿದ್ಯಾ, ಡ್ರಾಫ್ಟ್ ದಿನ ಅಳ್ತಾ ಇದ್ರಲ್ಲ. ಒಳ್ಳೇ ಮನೆ ಹುಡುಗ."

"ಸರ್, ಅವರಮ್ಮ ಆಡಲ್ಲ!"

ಸೀಸನ್ನಿನ ಕೊನೆಯ ವಾರಗಳಲ್ಲಿ ಸರ್ ಮನೆಯ ಸ್ಥಿತಿ ನೋಡುವಂತಿರುತ್ತಿತ್ತು. ಕೆಳಗಿನ ಸ್ಥಾನಕ್ಕೆ ಇನ್ನೊಂದು ತಂಡದ ಪೈಪೋಟಿ, ಹಾಗಾಗಿ ಸೋಲಲೇಬೇಕು. ಪಂದ್ಯ ಶುರುವಾಗುವ ಮೊದಲು ಮೇಘನಾ ಎಚ್ಚರಿಸುತ್ತಿದ್ದಳು, "ಸರ್, ಪ್ಲೀಸ್, ಇವತ್ತು ಕೂಗಬಾರದು. ಇವತ್ತು ಸೋತ್ರೇನೇ ನಮಗೆ ಲಾಭ." ಸರ್ ಗಂಭೀರವಾಗಿ ತಲೆಯಾಡಿಸಿ ಕೂರುತ್ತಿದ್ದರು. ಎದುರಾಳಿಗಳು ಗೋಲು ಹೊಡೆದಾಗ "ಸರಿ, ಸರಿ" ಎಂದು ಲೆಕ್ಕದ ಮೇಷ್ಟರಂತೆ ಒಪ್ಪುತ್ತಿದ್ದರು. ಆದರೆ ಇವರ ಹುಡುಗರು ಬಿಲ್ಲೆ ಹಿಡಿದು ನುಗ್ಗಿದರೆ ಸಾಕು, ಸರ್ ಗೊತ್ತಿಲ್ಲದೆ ಎದ್ದು ನಿಂತಿರುತ್ತಿದ್ದರು. ಗೋಲಾದರೆ ಧಡ್ ಧಡ್. ಆಮೇಲೆ ಮೇಘನಾಳ ಮುಖ ನೋಡಿ, ಕೋಲು ಕೆಳಗಿಟ್ಟು, ಕಳ್ಳ ಸಿಕ್ಕಿಬಿದ್ದಂತೆ ನಿಲ್ಲುತ್ತಿದ್ದರು.

"ಏನ್ ಸರ್ ಇದು?"

"ತಲೆಗೆ ಗೊತ್ತಾಗುತ್ತಮ್ಮ. ಕಾಲಿಗೆ ಗೊತ್ತಾಗಲ್ಲ."

ಆ ಕೋಲು ಕಾಲೇಜಿನ ಕಾಲದ್ದು. ಅದರ ಕೊಕ್ಕೆಯಿಂದ ಬಾಲ್ಕನಿಯ ಬಟ್ಟೆ ಕಂಬಿಯನ್ನು ಎಳೆಯುತ್ತಿದ್ದರು, ಮಂಚದ ಕೆಳಗಿನ ಚಪ್ಪಲಿ ತೆಗೆಯುತ್ತಿದ್ದರು. ಕೊಂಬಿನಿ ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಚೀಲಗಳನ್ನು ಸಮೋಸಾದಂತೆ ತ್ರಿಕೋನವಾಗಿ ಮಡಚಿ ಡಬ್ಬಿಗೆ ತುಂಬುತ್ತಿದ್ದರು. ಅಮ್ಮಣ್ಣಿ-ಸಾನ್ ಕಲಿಸಿದ್ದಂತೆ. ಮಡಚುವುದನ್ನು ಅವರು ಮರೆತ ಮೇಲೆ ಸರ್ ಒಬ್ಬರೇ ಇಬ್ಬರ ಪಾಲಿನದನ್ನೂ ಮಡಚುತ್ತಿದ್ದರು.

ಅಮ್ಮಣ್ಣಿ-ಸಾನ್ ಮೊದಲು ಮರೆತದ್ದು ಯಾವುದನ್ನು ಎಂದು ನನಗೆ ತಿಳಿಯದು. ನಾನು ಕಂಡದ್ದು ಫ್ರಿಜ್ಜಿನಲ್ಲಿ ಮೊಸರಿನ ಪಕ್ಕದಲ್ಲಿದ್ದ ಸೋಪು. ಆಮೇಲೆ ಒಂದು ದಿನ ಮನೆಯ ಚಪ್ಪಲಿಯಲ್ಲೇ ಸ್ಟೇಷನ್ನಿಗೆ ಹೋಗಿ, ಕ್ಲಿನಿಕ್ಕಿಗೆ ತಡವಾಯಿತೆಂದು ಸ್ಟೇಷನ್ನಿನವರಲ್ಲಿ ಬಗ್ಗಿ ಬಗ್ಗಿ ಕ್ಷಮೆ ಕೇಳುತ್ತ ನಿಂತಿದ್ದರು. ಸರ್ ಬಾಗಿಲಿಗೆ ಗಂಟೆ ಕಟ್ಟಿದರು. ಊಟ, ಸ್ನಾನ, ಬಟ್ಟೆ, ಎಲ್ಲ ಅವರ ಕೈಗೇ ಬಂತು. ರಾತ್ರಿಯೆಲ್ಲ ಎದ್ದು ಓಡಾಡುವ ಹೆಂಡತಿಯ ಹಿಂದೆ ಓಡಾಡಿ, ಭಾನುವಾರ ಪಂದ್ಯ ನೋಡುತ್ತ ಕೂತಲ್ಲೇ ತೂಕಡಿಸುತ್ತಿದ್ದರು. ಆದರೂ ಪಂದ್ಯದ ದಿನ ಇಬ್ಬರಿಗೂ ಜೆರ್ಸಿ. ಅಮ್ಮಣ್ಣಿ-ಸಾನ್‌ಗೆ ತೋಳು ಹಾಕುವಾಗ, "ಕೈ ಕೊಡು ಅಮ್ಮಣ್ಣಿ, ಆ ಕೈಯಲ್ಲ, ಇನ್ನೊಂದು. ಹಾಂ, ಅದು ನನ್ನ ಕೈ" ಎನ್ನುವುದು ಕೆಳಗಿನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ನನಗೆ ಕೇಳಿಸುತ್ತಿತ್ತು.

ಇಷ್ಟಾಗಿದ್ದರೆ ಹೇಗೋ ಸಾಗುತ್ತಿತ್ತು. ಕಳೆದ ಬೇಸಿಗೆಯಲ್ಲಿ ಸರ್‌ಗೆ ಮೆಟ್ಟಿಲಲ್ಲಿ ಎದೆ ಹಿಡಿದುಕೊಂಡಿತು. ಹೃದಯದ ಕವಾಟ ಕೆಟ್ಟಿದೆ, ಶಸ್ತ್ರಚಿಕಿತ್ಸೆ ಆಗಬೇಕು, ವಾರಗಟ್ಟಲೆ ಆಸ್ಪತ್ರೆಯಲ್ಲಿರಬೇಕು ಎಂದರು ವೈದ್ಯರು. ಅಲ್ಲಿಯವರೆಗೆ ಅಮ್ಮಣ್ಣಿ-ಸಾನ್ ಎಲ್ಲಿ? ನಾಲ್ಕು ದಿನ ಇರಿಸಿಕೊಳ್ಳುವ ಒಂದು ಜಾಗಕ್ಕೆ, ಒಗ್ಗುತ್ತಾರೋ ನೋಡೋಣವೆಂದು ಬಿಟ್ಟು ಬಂದರು. ಅಲ್ಲಿ ಅವರು ತುತ್ತು ಮುಟ್ಟದೆ, ಗಂಡ ಕರೆದೊಯ್ಯಲು ಬರುತ್ತಾರೆಂದು ಬಾಗಿಲ ಬಳಿಯೇ ನಿಂತುಬಿಟ್ಟರಂತೆ. ಮರುದಿನವೇ ಫೋನ್ ಬಂತು, ದಯವಿಟ್ಟು ಕರೆದುಕೊಂಡು ಹೋಗಿ ಎಂದು. ಕಾಯಂ ಆಗಿ ಇರಿಸಿಕೊಂಡು ನಿಧಾನವಾಗಿ ಒಗ್ಗಿಸಿಕೊಳ್ಳುವ ಆರೈಕೆ ಮನೆಯೇ ಬೇಕಿತ್ತು. ಖಾಸಗಿಯವು ಪಿಂಚಣಿಗೆ ಎಟುಕುವಂತಿರಲಿಲ್ಲ. ಸರ್ಕಾರದ ನೆರವಿನ ಮನೆಗೆ ಉದ್ದದ ಸಾಲು. ಆ ಸಾಲಿನಲ್ಲಿ ಮೊದಲು ಬಂದವರಿಗೆ ಮೊದಲು ಎಂದೇನಿಲ್ಲ. ಯಾರ ಸ್ಥಿತಿ ಹೆಚ್ಚು ಕೆಟ್ಟಿದೆಯೋ ಅವರಿಗೆ ಹೆಚ್ಚು ಅಂಕ.

ಇದನ್ನು ನಗರಸಭೆಯಿಂದ ಗೊತ್ತುಮಾಡಿದ್ದ ಕೇರ್ ಮ್ಯಾನೇಜರ್, ನಡುವಯಸ್ಸಿನ ಹೆಂಗಸು, ವಿವರಿಸಿ ಹೋದ ದಿನ ಸರ್ ನಮ್ಮ ಮನೆಗಿಳಿದು ಬಂದರು. "ಗೊತ್ತಾಯ್ತಾಮ್ಮ? ಇದೂ ಡ್ರಾಫ್ಟೇ. ಕೊನೇಲಿದ್ದೋರಿಗೆ ಮೊದಲ ಪಿಕ್" ಎಂದು ಜೋರಾಗಿ ನಕ್ಕರು. ನಗು ಮುಗಿದ ಮೇಲೆ ಕನ್ನಡಕ ತೆಗೆದು ಒರೆಸುತ್ತ ಬಹಳ ಹೊತ್ತು ಕೂತರು. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಅಮ್ಮಣ್ಣಿ-ಸಾನ್ ಇದ್ದದ್ದು ಆರೈಕೆಯ ಮೂರನೇ ಮಟ್ಟದಲ್ಲಿ. ಸ್ಥಿತಿ ಕೆಟ್ಟಷ್ಟೂ ಮಟ್ಟದ ಅಂಕಿ ಏರುತ್ತದೆ. ಮೂರಕ್ಕಿಂತ ಕೆಳಗಿನವರಿಗೆ ಆ ಮನೆಯ ಸಾಲಿನಲ್ಲೇ ಜಾಗವಿಲ್ಲ. ನಾಲ್ಕಕ್ಕೆ ಏರಿದರೆ ಸಾಲಿನ ಮುಂದಕ್ಕೆ. ಮಟ್ಟವನ್ನು ಮತ್ತೆ ಅಳೆಯಲು ನವೆಂಬರ್‌ನಲ್ಲಿ ನಗರಸಭೆಯಿಂದ ಒಬ್ಬರು ಬರುವವರಿದ್ದರು. ಕೇರ್ ಮ್ಯಾನೇಜರ್ ಸರ್‌ಗೆ ಒಂದಕ್ಕೆರಡು ಸಲ ಹೇಳಿದ್ದರು: ಹೊರಗಿನವರ ಮುಂದೆ ಇಂಥವರು ಚುರುಕಾಗಿಬಿಡುತ್ತಾರೆ. ಹೆಂಡತಿಯ ಎದುರಿಗೆ ಹೇಳಲು ಸಂಕೋಚವಾದರೆ, ಬಂದವರನ್ನು ಲಿಫ್ಟಿನವರೆಗೆ ಬಿಟ್ಟುಬನ್ನಿ. ಅಲ್ಲಿ ನಿಜ ಹೇಳಿ. ಎಷ್ಟು ಕೆಟ್ಟದ್ದಿದೆಯೋ ಅಷ್ಟನ್ನೂ ಹೇಳಿ.

ಆ ಹೊತ್ತಿಗೆ ಅಮ್ಮಣ್ಣಿ-ಸಾನ್ ಜೊತೆ ಕೂರಲು ಸರ್ ನನ್ನನ್ನು ಕರೆದಿದ್ದರು. "ನಾನು ಹೊರಗೆ ಹೋಗ್ತಿದ್ದ ಹಾಗೆ ಇವಳೂ ಬರ್ತಾಳೆ. ಕೈ ಹಿಡ್ಕೊಂಡು ಕೂತ್ಕೊಳ್ಳಿ, ಸಾಕು."

ಬಂದವರು ಸಣ್ಣ ವಯಸ್ಸಿನ ಗಂಡಸು. ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದಂತೆ ಅಮ್ಮಣ್ಣಿ-ಸಾನ್ ಎದ್ದು ನಿಂತರು. ಆ ಬೆಳಿಗ್ಗೆ ತಾನೇ ತಮ್ಮ ಬ್ಲೌಸಿನ ಗುಂಡಿ ಹಾಕಿಕೊಳ್ಳಲಾಗದೆ ಅತ್ತವರು, ಇಲ್ಲಿನ ಮರ್ಯಾದೆಯಂತೆ ಬಂದವರ ಚಪ್ಪಲಿಯ ಮುಖ ಬಾಗಿಲ ಕಡೆ ತಿರುಗಿಸಿಟ್ಟು, ಸೊಂಟದಿಂದ ಬಾಗಿ, "ಇಷ್ಟು ದೂರ ಬಂದಿರಿ, ತೊಂದರೆಯಾಯಿತು" ಎಂದರು. ಕ್ಲಿನಿಕ್ಕಿನ ಮೇಜಿನ ದನಿ. ಅಡುಗೆಮನೆಗೆ ಹೋಗಿ ತಾವೇ ಚಹಾ ಮಾಡಿದರು. ನಾನು ಹಿಂದೆ ಹೋಗಿ ನಿಂತಿದ್ದೆ, ಗ್ಯಾಸ್ ಹತ್ತಿರ. ಏನೂ ಮಾಡಬೇಕಾಗಲಿಲ್ಲ. ತಿಂಗಳುಗಳಿಂದ ಮುಟ್ಟದಿದ್ದ ಕೆಟಲ್ಲನ್ನು ಆ ಕೈಗಳು ಎತ್ತಿ, ಬಗ್ಗಿಸಿ, ಒಂದು ಹನಿ ಚೆಲ್ಲದೆ ಇಳಿಸಿದವು.

ಪ್ರಶ್ನೆಗಳು ಶುರುವಾದವು. ಹೆಸರು ಹೇಳಿದರು. ಹುಟ್ಟಿದ ದಿನ ಹೇಳಿದರು. ಈಗ ಯಾವ ಕಾಲ ಎಂದಾಗ ಕಿಟಕಿಯ ಕಡೆ ನೋಡಿ, ಎದುರಿನ ಗಿಂಕೋ ಮರ ಹಳದಿಯಾಗಿಬಿಟ್ಟಿದೆ, ನೀವು ಕೋಟು ತರಬೇಕಿತ್ತು ಎಂದರು. ಆತ ಒಂದು ಪೆನ್ನು, ಒಂದು ಗಡಿಯಾರ, ಒಂದು ಕೀಲಿಕೈ ತೋರಿಸಿ ಮುಚ್ಚಿಟ್ಟು, ಬೇರೆ ಮಾತಾಡಿ, ಏನೇನಿತ್ತು ಎಂದು ಕೇಳಿದ.

"ಪೆನ್ನು" ಎಂದರು ಅಮ್ಮಣ್ಣಿ-ಸಾನ್. ಸರ್ ಕುರ್ಚಿಯ ತುದಿಗೆ ಬಂದಿದ್ದರು.

"ಗಡಿಯಾರ." ಸರ್‌ರ ಬಲಗೈ ಮುಷ್ಟಿಯಾಯಿತು.

ಆಮೇಲೆ ಅಮ್ಮಣ್ಣಿ-ಸಾನ್ ತಮ್ಮ ಮಡಿಲು ನೋಡಿಕೊಂಡರು. ಇಷ್ಟು ಹೊತ್ತಿಗೆ ನನಗೂ ಈ ಆಟ ಅರ್ಥವಾಗಿತ್ತು. ಬೇಡ, ಮರೆತುಬಿಡಿ, ಮರೆತರೇನೇ ಒಳ್ಳೆಯದು ಎಂದು ಒಳಗೇ ಬೇಡಿಕೊಳ್ಳುತ್ತಿದ್ದೆ. ಅವರು ತಲೆಯೆತ್ತಿ ಗಂಡನ ಮುಖ ನೋಡಿ ಹೇಳಿದರು, "ಮನೆಯ ಕೀಲಿಕೈ."

ಸರ್ ಎದ್ದು ನಿಂತಿದ್ದರು.

ಬಂದವರು ಹೊರಟರು. ಸರ್ ಬಿಟ್ಟುಬರಲು ಹೋದರು. ಬಾಗಿಲು ತೆರೆದೇ ಇತ್ತು. ಲಿಫ್ಟ್ ಅಲ್ಲಿಂದ ನಾಲ್ಕು ಹೆಜ್ಜೆ. ನಾನು ಅಮ್ಮಣ್ಣಿ-ಸಾನ್‌ರ ಕೈ ಹಿಡಿದು ಕೂತಿದ್ದೆ, ಅದು ತಣ್ಣಗಾಗಿತ್ತು, ಬೆವತಿತ್ತು. ಲಿಫ್ಟ್ ಬರುವವರೆಗೆ ಆತ ತಾನೇ ಕೇಳಿದ, ನಾನು ಕೇಳಿಸಿಕೊಂಡೆ. "ಸೆನ್ಸೇ, ಮನೆಯಲ್ಲಿ ದಿನವೂ ಹೀಗೆಯೇ ಇರುತ್ತಾರಾ? ತೊಂದರೆಗಳೇನಾದರೂ ಇದ್ದರೆ ದಯವಿಟ್ಟು ಈಗಲೇ ಹೇಳಿ."

ಲಿಫ್ಟಿನ ಗಂಟೆ ಬಾರಿಸಿತು.

"ಚಹಾ ಹೇಗಿತ್ತು?" ಎಂದು ಸರ್ ಕೇಳಿದರು. "ಚೆನ್ನಾಗಿತ್ತಲ್ಲವಾ? ಅವಳೇ ಮಾಡಿದ್ದು."

ಒಳಗೆ ಬಂದವರ ಮುಖ ನೋಡಬೇಕಿತ್ತು. ಗೋಲು ಹೊಡೆದ ಭಾನುವಾರಗಳ ಅದೇ ಮುಖ. ಹೆಂಡತಿಯ ತಲೆಯ ಮೇಲೆ ಕೈಯಿಟ್ಟು, "ಏನೇ ಅಮ್ಮಣ್ಣಿ, ಏನ್ ಹೊಡ್ದೆ! ಮೂರೂ ಹೇಳ್ಬಿಟ್ಯಲ್ಲೇ!" ಎಂದರು. ಅಮ್ಮಣ್ಣಿ-ಸಾನ್ ಆಗಲೇ ದಣಿದು ಬೇರೆಲ್ಲೋ ಹೋಗಿದ್ದರು. ಈ ಗಂಡಸು ಯಾರು ಎಂದು ನನ್ನನ್ನು ಮೆಲ್ಲಗೆ ಕೇಳಿದರು. ಆಗ ಸರ್ ಕೂತರು. ನನ್ನ ಕಡೆ ನೋಡದೆ, "ತಲೆಗೆ ಗೊತ್ತಿತ್ತಮ್ಮ" ಎಂದರು.

ಮಟ್ಟ ಮೂರರಿಂದ ಎರಡಕ್ಕೆ ಇಳಿಯಿತು. ಅಂದರೆ ಸಾಲಿನಿಂದಲೇ ಹೊರಗೆ. ವಿಷಯ ತಿಳಿದ ಭಾನುವಾರ ಮೇಘನಾ ಅತ್ತೇಬಿಟ್ಟಳು. "ಸರ್, ಮತ್ತೆ ಅಪ್ಲೈ ಮಾಡಬಹುದು, ಸ್ಥಿತಿ ಬದಲಾಗಿದೆ ಅಂತ. ಕೇರ್ ಮ್ಯಾನೇಜರ್ ಹೇಳ್ತಿದಾರಲ್ಲ. ನಾನು ರಜಾ ಹಾಕಿ ಬರ್ತೀನಿ. ನಾನು ಹೇಳ್ತೀನಿ ಲಿಫ್ಟ್ ಹತ್ರ."

"ಹೇಳೋಣ ಬಿಡೇ."

"ಯಾವಾಗ ಸರ್? ನಿಮ್ ಆಪರೇಷನ್ ಯಾವಾಗ?"

"ಏ ಮೈಸೂರು, ಕೊನೇ ವಾರ ಗೆದ್ದು ಹಾಳಾದ ಟೀಮ್‌ಗಳು ಎಷ್ಟಿಲ್ಲ? ಮುಂದಿನ ಸೀಸನ್ ಇದ್ದೇ ಇರುತ್ತೆ." ಮಾತು ಪಂದ್ಯದ ಕಡೆ ತಿರುಗಿತು. ತಂಡ ಎಂದಿನಂತೆ ಸೋಲುತ್ತಿತ್ತು. ಆದರೆ ಆ ಚಳಿಗಾಲದಲ್ಲಿ ಸೋತಾಗ ಸರ್ "ಒಳ್ಳೇದೇ ಆಯ್ತು" ಎನ್ನುವುದನ್ನು ನಿಲ್ಲಿಸಿದ್ದರು. ಅವರು ನಿಲ್ಲಿಸಿದ್ದು ತಿಳಿಯದ ಅಮ್ಮಣ್ಣಿ-ಸಾನ್, ಕೋಲು ಗೋಡೆಗೆ ಒರಗಿದ ಸದ್ದಿಗೆ ತಲೆಯೆತ್ತಿ ಒಂದು ಕ್ಷಣ ಕಾಯುತ್ತಿದ್ದರು. ನಾನು ಅದನ್ನು ನೋಡುತ್ತಿದ್ದೆ, ಖಾಲಿ ತಟ್ಟೆಗಳನ್ನು ಎತ್ತಿಕೊಂಡು ಕೆಳಗೆ ಬರುತ್ತಿದ್ದೆ. ಬೇರೆಯವರ ಹೆಂಡತಿಗೆ ಇನ್ನೂ ಹೆಚ್ಚು ಕಾಯಿಲೆಯಿದೆ ಎಂದು ಅರ್ಜಿ ಹಾಕಲು ಕೆಳಗಿನ ಮನೆಯವರಿಗೆ ಯಾವ ಕಚೇರಿಯಲ್ಲೂ ಅವಕಾಶವಿಲ್ಲ.

ಫೆಬ್ರವರಿಯ ಒಂದು ಮಧ್ಯಾಹ್ನ, ಅಮ್ಮಣ್ಣಿ-ಸಾನ್‌ಗೆಂದು ಮೆತ್ತಗೆ ಮಾಡಿದ ಪೊಂಗಲ್ ತೆಗೆದುಕೊಂಡು ಹೋದೆ. ಬೆಲ್ ಒತ್ತಿದರೂ ಯಾರೂ ಬರಲಿಲ್ಲ. ಇಂಥ ಹೊತ್ತಿಗಿರಲಿ ಎಂದು ಸರ್ ನನಗೊಂದು ಕೀಲಿಕೈ ಕೊಟ್ಟಿದ್ದರು. ತೆರೆದರೆ, ಬಚ್ಚಲುಮನೆಯ ಬಾಗಿಲ ಹೊರಗೆ ಅಮ್ಮಣ್ಣಿ-ಸಾನ್ ನೆಲದ ಮೇಲೆ ಮಂಡಿಯೂರಿ ನೆಟ್ಟಗೆ ಕೂತಿದ್ದರು. ತೊಡೆಯ ಮೇಲೆ ಮಡಚಿದ ಟವೆಲ್ಲು. ಒಳಗೆ ಸದ್ದಿರಲಿಲ್ಲ. ನನ್ನನ್ನು ನೋಡಿ ಮುಗುಳ್ನಕ್ಕು, "ಅವರು ಸ್ನಾನದಲ್ಲಿದ್ದಾರೆ, ಸ್ವಲ್ಪ ಕೂತಿರಿ" ಎಂದರು.

ನಾನು ಕರೆದ ಆ್ಯಂಬುಲೆನ್ಸಿನವರು ಬಂದರು. ಅವರಿಗೂ ಬಾಗಿ ನಮಸ್ಕರಿಸಿ ಅದನ್ನೇ ಹೇಳಿದರು: ಅವರಿಗೆ ನಿಧಾನವಾಗಿ ಸ್ನಾನ ಮಾಡುವುದು ಇಷ್ಟ, ಕ್ಷಮಿಸಬೇಕು, ಸ್ವಲ್ಪ ಕಾಯಿರಿ. ಹೆಲ್ಮೆಟ್ ಹಾಕಿದ್ದ ಹುಡುಗನೊಬ್ಬ ಏನೂ ತೋಚದೆ ಅವರಿಗೆ ತಿರುಗಿ ನಮಸ್ಕರಿಸಿದ. ಮಧ್ಯಾಹ್ನದ ಸ್ನಾನ ಸರ್ ಅಭ್ಯಾಸವಲ್ಲ. ರಾತ್ರಿಯ ಸ್ನಾನಕ್ಕೆ ಪುರುಸೊತ್ತು ಸಿಗದ ಕಾರಣ ಹೆಂಡತಿ ನಿದ್ದೆ ಮಾಡಿದ್ದಾಗ ಮುಗಿಸಿಕೊಳ್ಳೋಣ ಎಂದುಕೊಂಡಿದ್ದರೇನೋ. ಬಿಸಿನೀರಿನಲ್ಲಿ ಹೃದಯ ನಿಂತಿದೆ ಎಂದರು ವೈದ್ಯರು.

ಕೆಲವೇ ವಾರಗಳಲ್ಲಿ ಕೇರ್ ಮ್ಯಾನೇಜರ್ ನಮ್ಮ ಬಾಗಿಲಿಗೆ ಬಂದರು. ಅಮ್ಮಣ್ಣಿ-ಸಾನ್‌ಗೆ ಆರೈಕೆ ಮನೆಯಲ್ಲಿ ಜಾಗ ಸಿಕ್ಕಿತ್ತು, ಅದೂ ಸರ್ ಬಯಸಿದ್ದ ಮನೆಯಲ್ಲೇ, ಚೆರ್ರಿ ಮರಗಳಿರುವ ಅಂಗಳದ್ದು. ಮತ್ತೆ ಅಳೆದಾಗ ಮಟ್ಟ ನಾಲ್ಕು ಬಂದಿತ್ತು. ಅದಕ್ಕಿಂತ ಹೆಚ್ಚಾಗಿ, ನೋಡಿಕೊಳ್ಳಲು ಯಾರೂ ಇಲ್ಲದೆ ಒಂಟಿಯಾಗಿರುವವರಿಗೆ ಅಂಕ ಎಲ್ಲಕ್ಕಿಂತ ಜಾಸ್ತಿ. "ಸರದಿಯಲ್ಲಿ ಮೊದಲಿಗೆ ಬಂದರು" ಎಂದು ಹೇಳಿ ಆಕೆ ತಲೆ ಬಗ್ಗಿಸಿದರು. ನಾನೂ ಬಗ್ಗಿಸಿದೆ. ಅರಿಗಾತೋ, ಧನ್ಯವಾದ ಎನ್ನಬೇಕಾದ ಜಾಗ ಅದು.

ಲಾಟರಿಯ ದಿನ ಮೇ ತಿಂಗಳಲ್ಲಿ ಬಂತು. ಅಲ್ಲಿ ಸಂಜೆ, ಇಲ್ಲಿ ಬೆಳಿಗ್ಗೆ. ಮೇಘನಾ ಅರ್ಧ ದಿನ ರಜಾ ಹಾಕಿ ಬಂದಳು. ಜೆರ್ಸಿ ಒಗೆದು ಇಸ್ತ್ರಿ ಮಾಡಿದ್ದೆ. ಆರೈಕೆ ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ತಡೆಯಲಾರದೆ ಹೇಳುತ್ತಲೇ ಇದ್ದಳು, "ಆಂಟಿ, ಈ ಸಲ ಸಿಗೋ ಹುಡುಗ ಸೆಂಟರ್. ಪಕ್ಕಾ ಸೆಂಟರ್. ಸರ್ ಹೇಳ್ತಿದ್ದಂಥೋನೇ. ಅವರಮ್ಮ ನರ್ಸ್ ಅಂತೆ." ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಅಮ್ಮಣ್ಣಿ-ಸಾನ್ ನಮ್ಮನ್ನು ಯಾರೆಂದು ಗುರುತಿಸಲಿಲ್ಲ, ಅತಿಥಿಗಳೆಂದು ಗುರುತಿಸಿದರು. ಕೈ ಕೊಟ್ಟು ಜೆರ್ಸಿ ಹಾಕಿಸಿಕೊಂಡರು. ಮೇಜಿನ ಮೇಲಿದ್ದ ಫ್ಲಾಸ್ಕಿನಿಂದ ಮೂರು ಲೋಟಕ್ಕೆ ಚಹಾ ಬಗ್ಗಿಸಿ, ನಾಲ್ಕನೆಯದನ್ನೂ ತೆಗೆದಿಟ್ಟರು. ಮೇಘನಾ ಫೋನನ್ನು ಫ್ಲಾಸ್ಕಿಗೆ ಆನಿಸಿ ನಿಲ್ಲಿಸಿದಳು. ಗಾಜಿನ ಯಂತ್ರದಲ್ಲಿ ಬಿಳಿ ಚೆಂಡುಗಳು ಜೋಳ ಅರಳಿದಂತೆ ಹಾರುತ್ತಿದ್ದವು. ಕೊನೆಯ ಸ್ಥಾನ ನಮ್ಮದು. ಎಲ್ಲರಿಗಿಂತ ಹೆಚ್ಚು ಅವಕಾಶ ನಮಗೇ. ಸೂಟು ಹಾಕಿದ ಒಬ್ಬರು ಸರದಿಯ ಹಿಂದಿನಿಂದ ಒಂದೊಂದೇ ತಂಡದ ಚೀಟಿ ತಿರುಗಿಸುತ್ತ ಬಂದರು. ನಮ್ಮದು ಬರದೆ ಇದ್ದಷ್ಟೂ ಒಳ್ಳೆಯದು. ಐದು. ನಾಲ್ಕು. ಮೇಘನಾ ನನ್ನ ಮೊಣಕೈ ಹಿಡಿದಿದ್ದಳು.

ಮೂರನೆಯದು ತಿರುಗಿಸಿದರು. ಅದು ನಮ್ಮದು.

"ಬಿದ್ವಿ ಆಂಟಿ" ಎಂದಳು. "ಮೂರಕ್ಕೆ ಬಿದ್ವಿ."

ಅಮ್ಮಣ್ಣಿ-ಸಾನ್ ಪರದೆಯನ್ನು ನೋಡುತ್ತಿರಲಿಲ್ಲ. ಮೇಘನಾಳ ಮುಖವನ್ನೂ ನನ್ನ ಮುಖವನ್ನೂ ನೋಡುತ್ತಿದ್ದರು, ಹಲ್ಲು ನೋವಿನಿಂದ ಬಂದವರನ್ನು ನೋಡುವಂತೆ. ಕೈ ಚಾಚಿ ಅವಳ ಮಂಡಿಯ ಮೇಲೆ ಮೆಲ್ಲಗೆ ತಟ್ಟಿ, ಅದೇ ಜಾಗದಲ್ಲಿ ರಾಗ ಎಳೆದು, ಕನ್ನಡದಲ್ಲಿ ಹೇಳಿದರು:

"ಒಳ್ಳೇದೇ ಆಯ್ತು."

ಮೇಘನಾ ಫೋನನ್ನು ಬೋರಲು ಹಾಕಿದಳು. ಅಮ್ಮಣ್ಣಿ-ಸಾನ್ ನಾಲ್ಕನೆಯ ಲೋಟವನ್ನು ಮುಟ್ಟಿ ನೋಡಿ, ಆರುತ್ತಿದೆ ಎಂಬಂತೆ ಅದರ ಮೇಲೆ ತಟ್ಟೆ ಮುಚ್ಚಿ, ಬಾಗಿಲ ಕಡೆ ಕಣ್ಣು ಹಾಯಿಸಿದರು.

"ಅವರು ಇನ್ನೂ ಸ್ನಾನದಲ್ಲಿದ್ದಾರಾ?" ಎಂದು ನನ್ನನ್ನು ಕೇಳಿದರು.

"ಹೌದು" ಎಂದೆ.

"ನಿಧಾನ ಅವರಿಗೆ. ಕ್ಷಮಿಸಬೇಕು" ಎಂದು ಬಾಗಿದರು. ಚಹಾ ತುಂಬ ಚೆನ್ನಾಗಿದೆ ಎಂದೆ. ನಾವು ಮೂವರೂ ಕಾಯುತ್ತ ಕೂತೆವು.